ಟವಲಿನ ಕೆಳಗೆ ಐದು ಬೆರಳು

ಟವಲಿನ ಕೆಳಗೆ ಸಾಹುಕಾರ ಚೆನ್ನಕೇಶವನ ಕೈ ಓಬಳೇಶಪ್ಪನ ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿದು ಅಮುಕಿತು.

ಹಿಂದೂಪುರದ ಆ ಹುಣಸೆ ಮಂಡಿಯಲ್ಲಿ ದರವನ್ನು ಬಾಯಲ್ಲಿ ಹೇಳುವ ರೂಢಿಯೇ ಇರಲಿಲ್ಲ. ಒಂದು ಬೆರಳು ಹಿಡಿದರೆ ಕ್ವಿಂಟಾಲಿಗೆ ಒಂದು ಸಾವಿರ. ಕೊಳ್ಳುವವನಿಗೆ, ಮಾರುವವನಿಗೆ ಬಿಟ್ಟು ಮೂರನೆಯವನಿಗೆ ತಿಳಿಯಬಾರದು. ಅವತ್ತಿನ ಮಾಲು ಮೂರು ಬೆರಳಿನ ಸುತ್ತಲೇ ಓಡುತ್ತಿದೆ ಎಂಬುದು ಮಾತ್ರ ಟೀ ಅಂಗಡಿಯಲ್ಲೇ ಗೊತ್ತಾಗಿತ್ತು. ಉಳಿದ ಎರಡು ಬೆರಳು ಯಾತಕ್ಕೆಂದು ಓಬಳೇಶಪ್ಪನಿಗೆ ಅರ್ಥವಾಯಿತು. ಮಂಡಿ ಪಕ್ಕದ ಸರ್ಕಾರಿ ಜಾಗ ಗೋಡೌನಿಗೆ ಬೇಕೆಂದು ಈ ಸಾಹುಕಾರ ಹೋದ ವಾರವಷ್ಟೇ ಮನೆಗೆ ಬಂದು ಹೋಗಿದ್ದ.

ಓಬಳೇಶಪ್ಪ ಪಾವಗಡದ ಕಡೆಯವನು. ಹೆಂಡತಿ ಪೋಲಮ್ಮನ ಜೊತೆ ಕಂಬದೂರಿಗೆ ವಲಸೆ ಬಂದಾಗ ಸಿಕ್ಕಿದ್ದು ಯಾರಿಗೂ ಬೇಡವಾದ ಕಲ್ಲು ನೆಲ. ಹೋದ ವರ್ಷ ಎಲೆಕ್ಷನ್ನಿಗೆ ನಿಂತಾಗ ಕಲ್ಯಾಣದುರ್ಗದ ಸಭೆಯಲ್ಲಿ ಎದುರಾಳಿ ಮೈಕು ಹಿಡಿದು, ಬುಟ್ಟಿ ಹೊತ್ತುಕೊಂಡು ಬಂದವನು ಗಂಟು ಕಟ್ಟಿಕೊಂಡು ಹೋಗುತ್ತಾನೆ ನೋಡಿ ಎಂದು ಆಡಿಕೊಂಡಿದ್ದ. "ಹುಣಸೆ ಗಿಡ ನೆಟ್ಟೋನು ಎಲ್ಲಿಗ್ಲಾ ಹೋಯ್ತಾನೆ?" ಎಂದು ಓಬಳೇಶಪ್ಪ ಅದೇ ಊರಲ್ಲಿ ತಿರುಗಿಸಿ ಕೇಳಿದ್ದ. ಜನ ಅವನನ್ನು ಎಮ್ಮೆಲ್ಲೆ ಮಾಡಿದರು. ಆ ಮರಗಳ ಹಣ್ಣೇ ಈಗ ಮಂಡಿಯಲ್ಲಿ ರಾಶಿ ಬಿದ್ದಿತ್ತು. ಈ ಐದು ಬೆರಳಿಗೆ ಸುಮ್ಮನಿದ್ದರೆ ಎದುರಾಳಿ ಆಡಿದ್ದೇ ನಿಜವಾಗುತ್ತಿತ್ತು.

ಓಬಳೇಶಪ್ಪ ಟವಲನ್ನು ಕಿತ್ತು ರಾಶಿಯ ಮೇಲೆ ಎಸೆದ. "ಬಾಯ್ಬಿಟ್ಟು ಯೋಳು. ಎಲ್ರಿಗೂ ಕೇಳ್ಲಿ."

"ಅನ್ನಾ, ಮಂಡಿ ಪದ್ಧತಿ ಕದಾ ಇದಿ, ಪದ್ಧತಿ ಅಲ್ವಾ ಇದು," ಚೆನ್ನಕೇಶವ ದನಿ ತಗ್ಗಿಸಿದ. "ಒಳಗೆ ಕೂತ್ಕಂಡು ಮಾತಾಡಾನ ಬಾ."

"ಓಟು ಕೇಳೋವಾಗ ಬೀದಿನಾಗೆ ನಿಂತು ಕೂಗಿದ್ದೀನಿ ಕಣಯ್ಯ. ನನ್ನ ಹಣ್ಣಿನ ರೇಟು ಕದ್ದುಮುಚ್ಚಿ ಯಾಕೆ?"

ಚೆನ್ನಕೇಶವ ಎದ್ದು ಹೋದ. ಅವನ ಮುಖ ನೋಡಿ ಉಳಿದ ಸಾಹುಕಾರರೂ ಪಕ್ಕದ ರಾಶಿಗಳ ಕಡೆ ಸರಿದರು. ಬಿಸಿಲು ನೆತ್ತಿಗೆ ಬಂದರೂ ಒಬ್ಬನೂ ಹತ್ತಿರ ಸುಳಿಯಲಿಲ್ಲ. ವರ್ಷದ ಬೆಳೆಯನ್ನು ವಾಪಸ್ ಹೇರಿಕೊಂಡು ಹೋಗಬೇಕಾದೀತು ಎಂದು ಓಬಳೇಶಪ್ಪ ಹೆಂಡತಿಯ ಕಡೆ ನೋಡಿದ. ಪೋಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋದರೆ ಹೋಗಲಿ, ಮನೆಯಲ್ಲಿ ಸಾರಿಗಾದರೂ ಆಗುತ್ತದೆ ಎಂದಳು.

ಆಗ ಸೋಮಂದೇಪಲ್ಲಿಯಲ್ಲಿ ಚಿಕ್ಕ ಅಂಗಡಿ ಇಟ್ಟಿದ್ದ ನರಸಕ್ಕ ಬಂದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಸಾಹುಕಾರರ ಕಡೆ ಒಮ್ಮೆ ಕಣ್ಣು ಹಾಯಿಸಿ, ಗಟ್ಟಿಯಾಗಿಯೇ ಹೇಳಿದಳು. "ಮೂರು ಸಾವಿರ."

"ನಾರು ಗೀರು ಏನಾನ ಕಂಡ್ತೇನಮ್ಮ ನಿಂಗೆ?" ಪೋಲಮ್ಮ ಮುಂದೆ ಬಂದಳು. "ಇನ್ನೂ ಐನೂರು ಹಾಕು."

"ಇನ್ನೂರು. ಎಮ್ಮೆಲ್ಲೆ ಮನೆ ಹಣ್ಣು ಅಂತ."

"ಎಮ್ಮೆಲ್ಲೆ ಅತ್ಲಾಗಿರ್ಲಿ. ಹಣ್ಣು ನೋಡಿ ಯೋಳು."

ಓಬಳೇಶಪ್ಪ ಎದೆಯ ಮೇಲೆ ಕೈ ಕಟ್ಟಿ ಹೆಂಡತಿಯ ಪಕ್ಕ ನಿಂತ. ಅಕ್ಕಪಕ್ಕದ ರಾಶಿಗಳಲ್ಲಿ ಟವಲಿನೊಳಗಿನ ಕೈಗಳು ನಿಂತಲ್ಲೇ ನಿಂತವು. ಲಾರಿಯ ಹತ್ತಿರ ಒಬ್ಬ ಹಮಾಲಿ, ಬೆನ್ನ ಮೇಲಿನ ಮೂಟೆ ಇಳಿಸುವುದನ್ನೂ ಮರೆತು, ಆ ಇಬ್ಬರು ಹೆಂಗಸರ ಚೌಕಾಸಿ ಕೇಳುತ್ತಿದ್ದ.