ಮೇಜಿನ ದೀಪದ ಕಾವಲು

"ಮೇಜಿನ ಮೇಲೆ ದೀಪ ಉರಿಯುವಷ್ಟು ಹೊತ್ತು ನಾನು ಮೇಜು ಬಿಟ್ಟು ಕದಲೋದಿಲ್ಲ" ಎಂದು ಎಗೊನ್ ತನ್ನ ಏಳು ವರ್ಷದ ಮಗಳಿಗೆ ಮಾತು ಕೊಟ್ಟು ನಲವತ್ತೊಂದು ವರ್ಷವಾಗಿತ್ತು. ಆ ಮಗಳು ದೋರ್ಥೆ ಈಗ ಚರ್ಚಿನ ಪಕ್ಕದ ಸಭಾಮನೆಯಲ್ಲಿ ನಿಂತು, ಅಂಗಿಯ ತೋಳು ಮಡಚಿ, ಜೇಡಿಮಣ್ಣಿನ ಮುದ್ದೆಯನ್ನು ತಟ್ಟೆಗೆ ಅದುಮುತ್ತಿದ್ದಳು. ಇನ್ನೆರಡು ಗಂಟೆಗೆ ಅಪ್ಪನನ್ನು ಮಣ್ಣು ಮಾಡಬೇಕು. ಮುಗಿಸಿ ಬಂದವರು ಕಾಫಿಗೆ ಕೂರುವ ಆರು ಮೇಜಿಗೂ ಒಂದೊಂದು ದೀಪದ ತಟ್ಟೆ ಆಗಬೇಕು. ಮಣ್ಣಿನ ನಡುವೆ ಮೇಣದಬತ್ತಿ, ಸುತ್ತ ಕಾಡಿನ ಪಾಚಿ, ಸ್ಪ್ರೂಸ್ ಮರದ ಹಸಿರು ರೆಂಬೆ, ಎರಡು ಪೈನ್ ಕಾಯಿ. ಡಿಸೆಂಬರಿನಲ್ಲಿ ಆ ಊರಿನ ಯಾವ ಮೇಜೂ ಇದಿಲ್ಲದೆ ಇರುವುದಿಲ್ಲ, ಸಾವಿನ ಮನೆಯದ್ದೂ.

ತೋವೆ ಅತ್ತೆ ಕಪ್ಪು ಬಟ್ಟೆಯ ಮೇಲೆ ಏಪ್ರನ್ ಕಟ್ಟಿಕೊಂಡು ಬನ್ನುಗಳಿಗೆ ಬೆಣ್ಣೆ ಸವರುತ್ತಿದ್ದಳು. ಅಪ್ಪನ ತಂಗಿ. ವಯಸ್ಸು ಎಪ್ಪತ್ತೈದಾದರೂ ನಾಲಗೆಗೆ ಆಗಿರಲಿಲ್ಲ.

"ಇದೇನೇ ಇದು, ನಿಮ್ಮಪ್ಪನ ಥರಾನೇ ಬೋಳುತಲೆ ಮಾಡಿಟ್ಟಿದ್ದೀಯ! ಇನ್ನೊಂದಿಷ್ಟು ರೆಂಬೆ ಚುಚ್ಚು."

"ಬತ್ತಿಯಿಂದ ನಾಲ್ಕು ಬೆರಳು ದೂರ ಇರಬೇಕು ಅಂತಿದ್ದ ಅಪ್ಪ, ಅತ್ತೆ."

"ನಾಲ್ಕು ಬೆರಳಂತೆ! ಅವನ ಕೈ ನೋಡಿದೀಯಲ್ಲ. ಅವನ ನಾಲ್ಕು ಬೆರಳಿನ ಜಾಗದಲ್ಲಿ ಒಂದು ಹಸು ಕಟ್ಟಬಹುದಿತ್ತು."

ದೋರ್ಥೆಗೆ ನಗು ಬಂತು. ಅಪ್ಪನ ಶೆಡ್ಡಿನಿಂದ ತಂದಿದ್ದ ಬಿಸ್ಕತ್ತಿನ ಡಬ್ಬಿ ತೆರೆದಳು. ಮೀನಿನ ಡಬ್ಬಿಯ ಮುಚ್ಚಳ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದ ತಗಡಿನ ಬಿಲ್ಲೆಗಳು. ಈ ವರ್ಷಕ್ಕೆಂದು ಅಪ್ಪನೇ ಮಾಡಿಟ್ಟಿದ್ದವು. ಒಂದೊಂದು ಬತ್ತಿಯ ಬುಡಕ್ಕೂ ಒಂದೊಂದನ್ನು ತೊಡಿಸಿದಳು. ಉರಿ ಕೆಳಗಿಳಿದರೂ ಪಾಚಿಗೆ ತಗಲಬಾರದು.

"ಅತ್ತೆ, ಅಪ್ಪನಿಗೆ ಕುಣಿಯೋದು ಇಷ್ಟ ಇರಲಿಲ್ಲ ಅಲ್ವಾ?"

"ಇದನ್ನ ಎಷ್ಟು ಸಲ ಕೇಳ್ತೀಯ? ಎಮ್ಮೆ ಬೇಕಾದ್ರೆ ಕುಣಿದೀತು, ಅವನಲ್ಲ."

*

ಅಪ್ಪ ಮಾತು ಕೊಟ್ಟ ಆ ವರ್ಷ ಮೇಜಿನ ಅಲಂಕಾರ ಮಾಡಿದ್ದು ಏಳು ವರ್ಷದ ದೋರ್ಥೆಯೇ. ಒಣಗಿದ ಪಾಚಿಯ ಮೇಲೆ ಹಿಮವೆಂದು ಹತ್ತಿ ಹರಡಿ, ಕೆಂಪು ಟೋಪಿಯ ಕಾಗದದ ಗೊಂಬೆಗಳನ್ನು ಬತ್ತಿಗೆ ಒರಗಿಸಿ ನಿಲ್ಲಿಸಿದ್ದಳು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಬಾತುಕೋಳಿ ಊಟ ಮುಗಿಸಿ ಎಲ್ಲರೂ ಪಕ್ಕದ ಕೋಣೆಗೆ ಹೋದರು. ಕೈ ಕೈ ಹಿಡಿದು, ಹಾಡು ಹೇಳುತ್ತ, ಕ್ರಿಸ್ಮಸ್ ಮರದ ಸುತ್ತ ಕುಣಿತ. ಮರದಲ್ಲಿ ಉರಿಯುವ ಬತ್ತಿಗಳಿಗೆಂದು ಒಂದು ಬಕೆಟ್ ನೀರಿತ್ತು, ಎಲ್ಲರ ಕಣ್ಣೂ ಅಲ್ಲೇ ಇತ್ತು. ಊಟದ ಮೇಜಿನ ದೀಪವನ್ನು ಯಾರೂ ಆರಿಸಿರಲಿಲ್ಲ. ಆ ಸಂಜೆ ಅದನ್ನು ಊದಿದರೆ ವರ್ಷದೊಳಗೆ ಮನೆಯಲ್ಲೊಬ್ಬರು ಹೋಗುತ್ತಾರೆ ಎಂದು ಅಜ್ಜಿ ಒಪ್ಪುತ್ತಿರಲಿಲ್ಲ. ತಾನಾಗಿ ಆರಬೇಕು.

ಸುಟ್ಟ ವಾಸನೆ ಮೊದಲು ಬಡಿದದ್ದು ದೋರ್ಥೆಗೆ. ಓಡಿದಳು. ಗೊಂಬೆಗಳನ್ನು ಉಳಿಸಲು ಕೈ ಹಾಕಿದಳು, ಉಣ್ಣೆಯ ಅಂಗಿಯ ತೋಳಿಗೆ ಬೆಂಕಿ ಹತ್ತಿತು. ಅಪ್ಪ ಮೇಜುಬಟ್ಟೆಯನ್ನು ತಟ್ಟೆ ಲೋಟಗಳ ಸಮೇತ ಎಳೆದು ಅವಳಿಗೆ ಸುತ್ತಿದ.

ಆಸ್ಪತ್ರೆಯಲ್ಲಿ ಅವಳು ಕೈಯ ಬಗ್ಗೆ ಏನನ್ನೂ ಕೇಳಲಿಲ್ಲ.

"ಮುಂದಿನ ವರ್ಷ ದೀಪ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ, ಪುಟ್ಟೀ."

"ಹಾಡು ಶುರುವಾದ್ರೆ ನೀನೂ ಎದ್ದು ಹೋಗ್ತೀಯ."

ಆಗಲೇ ಅವನು ಮಾತು ಕೊಟ್ಟದ್ದು.

ಮುಂದೆ ನಲವತ್ತು ಕ್ರಿಸ್ಮಸ್, ಎಲ್ಲರೂ ಮರದತ್ತ ನಡೆದರೆ ಅವನು ದೀಪದೆದುರು ಕುಳಿತ. ಗಾಳಿಗೆ ಉರಿ ಅಲುಗಬಾರದೆಂದು ಬಾಗಿಲು ಮುಚ್ಚಿಸುತ್ತಿದ್ದ. ಅಮ್ಮ ತೀರಿಕೊಂಡ ವರ್ಷವೂ ಹಾಗೇ. ಸಾಕಪ್ಪಾ, ಬಾ ಎನ್ನಬೇಕೆಂದು ದೋರ್ಥೆಗೆ ಹನ್ನೆರಡನೆಯ ವಯಸ್ಸಿನಲ್ಲೇ ಅನ್ನಿಸಿತ್ತು. "ಬಿಡೇ, ಅವನಿಗೆ ಕುಣಿತ ಅಂದ್ರೆ ಆಗಲ್ಲ, ಒಂದು ನೆಪ ಸಿಕ್ತು" ಎಂದಿದ್ದಳು ಅತ್ತೆ. ಆ ಮಾತನ್ನು ದೋರ್ಥೆ ಗಟ್ಟಿಯಾಗಿ ಹಿಡಿದುಕೊಂಡಳು. ಅದು ನಿಜವಾಗಿದ್ದರೆ ತಾನು ಅಪ್ಪನಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ.

*

ಮಣ್ಣು ಮಾಡಿ ಬಂದವರ ಕೋಟುಗಳಿಂದ ತಣ್ಣನೆಯ ವಾಸನೆ ಬರುತ್ತಿತ್ತು. ಆರು ದೀಪಗಳನ್ನು ಹಚ್ಚಿದರು. ಕಾಫಿ ಎರಡನೇ ಸುತ್ತಿಗೆ ಬಂದಾಗ ತೋವೆ ಅತ್ತೆ ಚಮಚದಿಂದ ಕಪ್ಪು ತಟ್ಟಿ ಎದ್ದು ನಿಂತಳು.

"ನಮ್ಮಣ್ಣ ಮೂವತ್ತೆಂಟು ವರ್ಷ ಹಾಲಿನ ಲಾರಿ ಓಡಿಸಿದ. ಒಂದು ತೊಟ್ಟು ಚೆಲ್ಲಲಿಲ್ಲ, ಒಂದು ಮಾತೂ ಹೆಚ್ಚು ಆಡಲಿಲ್ಲ. ಹಾಡಿದ್ರೆ ಕಾಗೆ. ಕುಣಿದದ್ದನ್ನಂತೂ ನೋಡಿದವರೇ ಇಲ್ಲ."

ಜನ ನಕ್ಕರು. ದೋರ್ಥೆಯ ಭುಜ ಸಡಿಲವಾಯಿತು.

"ನಾನು ನೋಡಿದೀನಿ" ಎಂದ ಕ್ರೆಸ್ತೆನ್. ಅಪ್ಪನ ಪಕ್ಕದ ಮನೆಯವನು, ನಿವೃತ್ತ ಕಮ್ಮಾರ. "ಕ್ರಿಸ್ಮಸ್ ಸಂಜೆ ನಾಯಿನ ಹೊರಗೆ ಬಿಡಕ್ಕೆ ಹೋಗ್ತೀನಲ್ಲ, ನಿಮ್ಮ ಊಟದ ಕೋಣೆ ಕಿಟಕಿ ನಮ್ಮ ಅಂಗಳಕ್ಕೇ ಕಾಣೋದು. ಒಳಗೆ ನೀವೆಲ್ಲ ಹಾಡು ಶುರು ಮಾಡ್ತಿದ್ದಂಗೆ ಇವನು ಏಳ್ತಿದ್ದ."

"ಕುಡಿದಿದ್ಯೇನೋ ನೀನು?" ಎಂದಳು ಅತ್ತೆ.

"ಕುಡಿದಿದ್ದೆ. ಆದ್ರೆ ಇಪ್ಪತ್ತಾರು ವರ್ಷ ಒಂದೇ ಥರ ಕಾಣೋವಷ್ಟು ಕುಡಿದಿರಲಿಲ್ಲ."

ಹೇಳಿದರೆ ಸಾಲದೆಂಬಂತೆ ಕ್ರೆಸ್ತೆನ್ ಎದ್ದ. ಎದುರಿದ್ದ ಕುರ್ಚಿಯ ಬೆನ್ನನ್ನು ಹಿಡಿದ, ಹೆಂಗಸಿನ ಕೈ ಹಿಡಿದಷ್ಟು ಮೆತ್ತಗೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮುಂದಿನ ಕುರ್ಚಿ ಹಿಡಿದ.

"ಹಿಂಗೆ. ಒಂದು ಬಿಟ್ಟು ಇನ್ನೊಂದು ಹಿಡೀತಾ, ಮೇಜಿನ ಸುತ್ತ. ಬಾಯಲ್ಲಿ ನಿಮ್ಮ ಹಾಡೇ. ಕಣ್ಣು ಮಾತ್ರ ದೀಪದ ಮೇಲೆ. ಹಾಡು ನಿಂತ್ರೆ ಬಂದು ಕೂತುಬಿಡ್ತಿದ್ದ, ಏನೂ ಆಗೇ ಇಲ್ಲ ಅನ್ನೋ ಹಾಗೆ." ಅವನು ನಕ್ಕ. ಯಾರೂ ನಗಲಿಲ್ಲ.

"ಹೋದ ವರ್ಷಾನೂ?" ಎಂದಳು ದೋರ್ಥೆ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಹೋದ ವರ್ಷ ಒಂದು ಕೈಲಿ ಕೋಲಿತ್ತು. ಕಾಲು ಎತ್ತಕ್ಕಾಗ್ತಿರಲಿಲ್ಲ, ಎಳೀತಿದ್ದ. ಆದ್ರೂ ಸುತ್ತಿದ."

ತೋವೆ ಅತ್ತೆ ಕೂತಳು. "ನಂಗೆ ಗೊತ್ತಿರಲಿಲ್ಲ ಕಣೇ" ಎಂದಳು, ಮೊದಲ ಸಲ ಮೆಲ್ಲಗೆ. "ನಿಜವಾಗ್ಲೂ ಗೊತ್ತಿರಲಿಲ್ಲ."

ಅಪ್ಪ ತೀರಿಕೊಳ್ಳುವ ಒಂದು ವಾರ ಮುಂಚೆ ಫೋನಿನಲ್ಲಿ ದೋರ್ಥೆ ಗದರಿದ್ದಳು: ಒಬ್ಬನೇ ಇರೋನಿಗೆ ಎಂಟು ಕುರ್ಚಿ ಯಾಕಪ್ಪಾ, ಆರಾದರೂ ಯಾರಿಗಾದರೂ ಕೊಟ್ಟುಬಿಡು, ಓಡಾಡೋಕೆ ಜಾಗವಾದರೂ ಆಗುತ್ತೆ. "ಈ ಕ್ರಿಸ್ಮಸ್ ಒಂದು ಕಳೀಲಿ" ಎಂದಿದ್ದ ಅವನು.

ಕ್ರೆಸ್ತೆನ್ ತನ್ನ ಜಾಗಕ್ಕೆ ಮರಳಿದ. ಅವನು ಹಿಡಿದು ಬಿಟ್ಟ ಕುರ್ಚಿಗಳು ಮೇಜಿನಿಂದ ತುಸು ಹೊರಳಿ, ಯಾರೋ ಈಗಷ್ಟೇ ಎದ್ದುಹೋದಂತೆ ನಿಂತಿದ್ದವು.

ಎಗೊನ್ ಒಮ್ಮೆಯೂ ಮೇಜು ಬಿಟ್ಟು ಹೋಗಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ.