ಮಾರ್ಚ್ ಮೂರರ ಮುಂಗಡ

ನಮ್ಮ ಶುಬ್ರಾ ಬಡಾವಣೆಯಲ್ಲಿ ಮನೆಯ ಇಂಟರ್ನೆಟ್ಟೂ ಸಂಬಳದ ಹಾಗೆ ತಿಂಗಳಿಗೊಮ್ಮೆ ಬರುತ್ತದೆ. ನೂರಾ ನಲವತ್ತು ಜಿಬಿ. ಅದನ್ನೇ ಹೇಗೋ ಎಳೆದಾಡಿ ತಿಂಗಳು ಮುಗಿಸಬೇಕು. ಅವತ್ತು ಆಗಸ್ಟ್ ಎಂಟು. ಕಚೇರಿಯಿಂದ ಬಂದು, ಮುಲೂಖಿಯಾ ಸೊಪ್ಪಿನ ಸಾರಿನಲ್ಲಿ ಅನ್ನ ಉಂಡು, ಒಂದು ಕೋಳಿನಿದ್ದೆ ತೆಗೆದು ಎದ್ದಾಗ ಮೂರೂಕಾಲು. ಹೆಂಡತಿ ಈನಾಸ್ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಲ್ಯಾಪ್‌ಟಾಪ್ ಮುಂದೆ ನಿಂತಿದ್ದಳು.

"ವಗ್ದಿ, ನೆಟ್ ಯಾಕೆ ಸತ್ತೋಗಿದೆ?"

ನಾಲ್ಕು ಗಂಟೆಗೆ ಅವಳ ಸಂದರ್ಶನ. ಕುವೈತಿನ ಶಾಲೆಯಲ್ಲಿ ಫ್ರೆಂಚ್ ಪಾಠ ಹೇಳುವ ಕೆಲಸ. ಸಿಕ್ಕರೆ ಎರಡು ವರ್ಷ ಅವಳು ಅಲ್ಲಿ, ಸರ್ಕಾರಿ ಕುರ್ಚಿಗೆ ಅಂಟಿಕೊಂಡ ನಾನು ಇಲ್ಲಿ. ಅರ್ಜಿ ಹಾಕಿದಾಗಿನಿಂದ ಆ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೋಗಬೇಡ ಎನ್ನಬೇಕೆಂದು ನನಗೆ ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹೆಂಡತಿ ಮುಂದೆ ಬರುವುದಕ್ಕೆ ಅಡ್ಡಗಾಲು ಹಾಕಿದ ಗಂಡ ಎನಿಸಿಕೊಳ್ಳುವುದು ಬೇಡವೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಫೋನಿನಲ್ಲಿ ನೋಡಿದರೆ ಉಳಿದಿರುವುದು ಸೊನ್ನೆ. ಟೀವಿಯ ಕೆಳಗೆ ನನ್ನ ವಿಡಿಯೋ ಗೇಮ್ ಪೆಟ್ಟಿಗೆಯ ಕಿತ್ತಳೆ ದೀಪ ಮಿನುಗುತ್ತಿತ್ತು.

ಹೊಸ ಆಟವೊಂದಕ್ಕೆ ನಾನು ತಿಂಗಳುಗಳ ಹಿಂದೆಯೇ ದುಡ್ಡು ಕಟ್ಟಿದ್ದೆ. ಹಾಗೆ ಮುಂಗಡ ಕೊಟ್ಟವರಿಗೆ ಬಿಡುಗಡೆಗೆ ಎರಡು ದಿನ ಮೊದಲೇ ಅದು ತಾನಾಗಿ ಇಳಿದುಕೊಳ್ಳುತ್ತದೆ. "ಇಳಿಯಲಿ" ಎಂದು ಒತ್ತಿದವನೂ ನಾನೇ, ಮರೆತವನೂ ನಾನೇ. ಬೆಳಿಗ್ಗೆ ಆರರಿಂದ ಕೂತು ಇಡೀ ತಿಂಗಳನ್ನು ನುಂಗಿತ್ತು ಪಾಪಿ.

ಕಚೇರಿಯ ನಶಾತ್ ಆಗಲೇ ಹಂಗಿಸಿದ್ದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದ ನೋಡ್ರೋ! ಆಟ ಹೊರಗೆ ಬರ್ಲಿ, ಕೊಂಡೋರು ನಾಲ್ಕು ಜನ ಬಾಯ್ತುಂಬ ಬೈಲಿ, ಆಮೇಲೆ ಅರ್ಧ ಬೆಲೆಗೆ ತಗೊಳೋಕೇನು ಧಾಡಿ ನಿಂಗೆ?"

"ಅರ್ಧ ಬೆಲೆ ಆಗೋ ಹೊತ್ತಿಗೆ ನಮ್ಮ ಗಿನೀ ನೋಟಿನ ಬೆಲೇನೂ ಅರ್ಧ ಆಗಿರುತ್ತಲ್ಲೋ. ಡಾಲರ್ ಏರೋದ್ರೊಳಗೆ ತಗೊಂಡೋನೇ ಜಾಣ," ಎಂದು ಅವನ ಬಾಯಿ ಮುಚ್ಚಿಸಿದ್ದೆ. ಎಲ್ಲರೂ ನಕ್ಕಿದ್ದರು. ಆ ಲೆಕ್ಕದಲ್ಲಿ ನಾನು ಜಾಣನೇ.

ಹೆಚ್ಚುವರಿ ಜಿಬಿ ಕೊಳ್ಳಲು ಮೂರು ಸಲ ಒತ್ತಿದೆ; ಮೂರು ಸಲವೂ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು. ಮೊಬೈಲ್ ಸಿಗ್ನಲ್ ಹುಡುಕುತ್ತ ಬಾಲ್ಕನಿಗೂ ಅಡುಗೆಮನೆಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಈನಾಸ್ ಕಿರುಚಲಿಲ್ಲ. ಗಡಿಯಾರ ನೋಡುತ್ತ ನಿಂತಿದ್ದಳು. ಕಿರುಚಿದ್ದರೇ ಚೆನ್ನಾಗಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೆಳಮನೆಯ ಬಾಗಿಲು ತಟ್ಟಿದೆ. ಫೆಬ್ರುವರಿಯಲ್ಲಿ ನಾವು ಒಣಹಾಕಿದ್ದ ಬಟ್ಟೆಯ ನೀರು ತಮ್ಮ ಜಮಖಾನೆಯ ಮೇಲೆ ಸೋರಿದಾಗಿನಿಂದ ಮದಾಮ್ ಸುಹೈರ್ ನಮ್ಮ ಸಲಾಮಿಗೂ ಉತ್ತರ ಕೊಟ್ಟಿರಲಿಲ್ಲ.

"ಏನಪ್ಪಾ, ಇವತ್ತು ನೀರು ಸುರಿಯೋಕೆ ಖುದ್ದಾಗಿ ಬಂದ್ಯಾ?"

"ಮದಾಮ್, ನಿಮ್ಗೆ ಕೈ ಮುಗೀತೀನಿ. ಅರ್ಧ ಗಂಟೆ ನಿಮ್ಮ ವೈಫೈ ಬೇಕಿತ್ತು."

"ಯಾರಿಗೆ? ನಿಂಗಾ, ಅವಳಿಗಾ?"

"ಅವಳಿಗೆ. ಕೆಲಸದ ಸಂದರ್ಶನ."

"ಹಾಗನ್ನು ಮತ್ತೆ! ಅವಳನ್ನ ಕಳ್ಸು. ನೀನು ಇಲ್ಲೇ ಮೆಟ್ಲ ಮೇಲೆ ಬಿದ್ದಿರು."

ಬಿದ್ದಿದ್ದೆ. ಕೂತೆ, ಎದ್ದೆ, ಮತ್ತೆ ಕೂತೆ. ಬಾಗಿಲ ಆಚೆ ಈನಾಸ್‌ಳ ಫ್ರೆಂಚ್ ಕೇಳುತ್ತಿತ್ತು. ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದರೆ ನಡುವೆ ಒಮ್ಮೆ ಅವಳು ನಕ್ಕಳು. ಮನೆಯಲ್ಲಿ ಆ ನಗು ಕೇಳಿ ವರ್ಷಗಳಾಗಿದ್ದವು. ಅವಳು ಗೆಲ್ಲಲಿ ಎಂದು ಬೇಡಿಕೊಳ್ಳಲು ಹೋದೆ, ನಾಲಿಗೆ ಹೊರಳಲಿಲ್ಲ. ಸೋಲಲಿ ಎನ್ನಲು ನಾಚಿಕೆಯಾಯಿತು. ಹೀಗೆ ಯಾವುದೂ ಬೇಡದೆ ಅರ್ಧ ಗಂಟೆ ಕಳೆಯಿತು.

ಹೊರಗೆ ಬಂದವಳ ಕೆನ್ನೆ ಕೆಂಪಾಗಿತ್ತು.

"ಕೊಟ್ರು. ಸೆಪ್ಟೆಂಬರಿಂದ ಬನ್ನಿ ಅಂದ್ರು," ಎಂದಳು. ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು: "ನಿಜ ಹೇಳು. ನೆಟ್ಟನ್ನ ಬೇಕಂತಲೇ ಖಾಲಿ ಮಾಡಿದ್ಯಾ?"

"ಅಯ್ಯೋ, ನಿನ್ನಾಣೆ ಇಲ್ಲ ಕಣೇ! ಯಾವಾಗ್ಲೋ ಕೊಂಡಿದ್ದು, ತಾನಾಗೇ ಇಳ್ಕೊಂಡಿದೆ. ಬೇಕಾದ್ರೆ ನೋಡು." ಫೋನಿನಲ್ಲಿ ರಸೀದಿ ತೆಗೆದು ಅವಳ ಕೈಗಿಟ್ಟೆ.

ಅವಳು ರಸೀದಿಯ ತಾರೀಖಿನ ಮೇಲೆ ಬೆರಳಿಟ್ಟಳು.

"ಮಾರ್ಚ್ ಮೂರು," ಎಂದಳು. "ನಾನು ಅರ್ಜಿ ಹಾಕಿದ ಮಾರನೇ ದಿನ."

ಸುಳ್ಳು ಹೇಳಬಹುದಿತ್ತು. ಡಾಲರಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ನೀನಿಲ್ದೆ ಸಂಜೆ ಹೊತ್ತು ಏನ್ಮಾಡ್ಲಿ ಅಂತ ಭಯ ಆಯ್ತು," ಎಂದೆ. "ಅದಕ್ಕೇ ತಗೊಂಡೆ."

"ಅಂದ್ರೆ ನಾನು ಹೋಗೇ ಹೋಗ್ತೀನಿ ಅಂತ ನೀನು ಅವತ್ತೇ ತೀರ್ಮಾನ ಮಾಡ್ಬಿಟ್ಟಿದ್ದೆ." ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ನಂಗೇ ಗೊತ್ತಿರ್ಲಿಲ್ಲ ವಗ್ದಿ. ಇವತ್ತು ಬೇಡ ಅಂತಾನೆ, ನಾಳೆ ಬೇಡ ಅಂತಾನೆ ಅಂತ ಐದು ತಿಂಗಳು ಕಾದೆ ಕಣೋ."

"ಈಗ ಹೇಳ್ಲಾ?"

ಅವಳು ಅಂಗಿಯ ಕಾಲರಿನ ಗುಂಡಿ ಬಿಚ್ಚುತ್ತ ಕಿಟಕಿಯ ಕಡೆ ತಿರುಗಿದಳು.

"ಈಗ ತಾನೇ ಹೂಂ ಅಂದ್ ಬಂದೆ," ಎಂದಳು.