ಗೋಡೆಯ ಮೇಲಿನ ಮೇಲ್ವಿಚಾರಕರು

ಗೋವಿನಕೋವಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದು, ನ್ಯಾಮತಿಯ ವಾಕ್ ಶ್ರವಣ ಕೇಂದ್ರದ ಬೀಗ ತೆಗೆಯುವವಳು ಅನ್ನಪೂರ್ಣ. ಕಸ ಹೊಡೆಯುವವಳೂ ಅವಳೇ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವವಳೂ ಅವಳೇ. ಡಿಪ್ಲೊಮಾ ಓದಿದ ಸಹಾಯಕಿ. ನಿಯಮದಂತೆ ಅವಳು ನೋಂದಾಯಿತ ತಜ್ಞರ ಕಣ್ಣೆದುರಿಗೇ ಕೆಲಸ ಮಾಡಬೇಕು. ತಜ್ಞ ಗುರುಬಸವರಾಜರ ಪರವಾನಗಿ ಗೋಡೆಯ ಮೇಲಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರಿನ ಗೋಡೆಗಳ ಮೇಲೂ ಅದರ ನಕಲಿತ್ತು. ತಿಂಗಳಿಗೊಮ್ಮೆ ಹಾಜರಿ ಪುಸ್ತಕಗಳು ಅವರ ಮನೆಗೆ ಹೋಗಿ ಸಹಿಯಾಗಿ ಬರುತ್ತಿದ್ದವು. ಹೀಗಾಗಿ ಅವರು ದಿನವೂ ಒಂದೇ ಹೊತ್ತಿಗೆ ನಾಲ್ಕೂ ಊರಲ್ಲಿ ಇರುತ್ತಿದ್ದರು.

ಕೂಲಿಯ ಭೀಮಕ್ಕನ ಮಗಳು ಅರುಣಾಗೆ ನಾಲ್ಕು ವರ್ಷ. ಹೊಸ ಕಿವಿ ಮಷಿನ್ ಹಾಕಿದೊಡನೆ ಮಗು ಚೀರಿ ಕಿತ್ತೆಸೆಯುತ್ತಿತ್ತು. ಅನ್ನಪೂರ್ಣ ಫೋನ್ ಮಾಡಿದಳು.

“ಸರ್, ಸೌಂಡ್ ಜಾಸ್ತಿ ಆಗೈತೆ. ನೀವೇ ಬಂದು ಸೆಟ್ ಮಾಡ್ಬೇಕು.”

“ಮದುವೆ ಮನೇಲಿದೀನಿ. ನೀನೇ ಕಮ್ಮಿ ಮಾಡು.”

“ನಾನು ಮುಟ್ಟೋ ಹಂಗಿಲ್ಲ ಸರ್.”

“ನಾನು ಹೇಳ್ತಿದೀನಲ್ಲ, ಅದೇ ಮೇಲ್ವಿಚಾರಣೆ.”

ಅವಳು ಕಮ್ಮಿ ಮಾಡಿದಳು. ಮಗು ಸುಮ್ಮನಾಯಿತು. ಎರಡು ವಾರಕ್ಕೆ ‘ಅವ್ವ’ ಅಂತು.

ಯಾರೋ ದೂರು ಅರ್ಜಿ ಹಾಕಿದ್ದರಿಂದ ಆರೋಗ್ಯ ಇಲಾಖೆಯ ಅಧಿಕಾರಿ ನಾಗೇಂದ್ರಪ್ಪ ತಪಾಸಣೆಗೆ ಬಂದರು. ಅಂದು ಗುರುಬಸವರಾಜರೂ ಬಿಳಿ ಕೋಟು ತೊಟ್ಟು ಬಂದರು. ಟೆಸ್ಟ್ ಕೋಣೆ ಯಾವುದೆಂದು ಅವರಿಗೆ ಅನ್ನಪೂರ್ಣಳೇ ತೋರಿಸಬೇಕಾಯಿತು. ಅಲ್ಲಿ ಬೆಂಚಿನ ಮೇಲೆ ಭೀಮಕ್ಕನೂ ಉಳಿದ ತಾಯಂದಿರೂ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದರು.

“ಈ ಮಗೂ ಮಷಿನ್ ಮುಟ್ಟಿದ್ದು ಯಾರು?” ನಾಗೇಂದ್ರಪ್ಪ ಅರುಣಾಳತ್ತ ಬೆರಳು ತೋರಿಸಿ ಕೇಳಿದರು.

“ನಾನೇ ಸರ್. ಸಾಹೇಬ್ರು ಫೋನಲ್ಲಿ ಹೇಳಿದ್ರು.”

ಗುರುಬಸವರಾಜ್ ಮೆಲ್ಲಗೆ ನಕ್ಕರು. “ಫೋನ್ ಯಾಕೆ? ಆವತ್ತು ನಾನು ಇಲ್ಲೇ ಇದ್ದೆನಲ್ಲ, ಪುಸ್ತಕ ನೋಡ್ರಿ. ನಾನು ಊಟಕ್ಕೆ ಹೋದಾಗ ಇವಳು ಮಾಡಿರ್ಬೇಕು.”

ಪುಸ್ತಕದಲ್ಲಿ ಸಹಿ ಇತ್ತು. ಸಹಾಯಕಿ ಮೇಲ್ವಿಚಾರಕರ ಕಣ್ಣು ತಪ್ಪಿಸಿ ಮಿತಿ ಮೀರಿದ್ದಾಳೆ, ಕೆಲಸದಿಂದ ತೆಗೆಯತಕ್ಕದ್ದು ಎಂದು ನಾಗೇಂದ್ರಪ್ಪ ಬರೆದರು.

ಅವರು ಇನ್ನೊಂದು ಹಾಳೆಯನ್ನು ಭೀಮಕ್ಕನ ಮುಂದೆ ಸರಿಸಿದರು. “ಸಾಹೇಬ್ರು ನಿನ್ನ ಮಗಳನ್ನ ಖುದ್ದಾಗಿ ನೋಡ್ಯಾರೆ ಅಂತ ಬರ್ದೈತೆ. ಹೆಬ್ಬೆಟ್ಟು ಒತ್ತಮ್ಮ.”

“ಯಾವ ಸಾಹೇಬ್ರು?”

“ಇವರೇ.”

ಭೀಮಕ್ಕ ಬಿಳಿ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. “ಎಂಟು ತಿಂಗಳಿಂದ ಕೂಲಿ ಬಿಟ್ಟು ಬರ್ತೀನ್ರಿ. ಇವರನ್ನ ಕಂಡಿದ್ದು ಇವತ್ತೇ. ನನ್ನ ಮಗಳ ಹೆಸರು ಹೇಳ್ಲಿ, ಒತ್ತತೀನಿ.”

ಗುರುಬಸವರಾಜ್ ಫೈಲಿಗೆ ಕೈ ಚಾಚಿದರು. ಭೀಮಕ್ಕ ಅದರ ಮೇಲೆ ಅಂಗೈ ಊರಿದಳು.

“ಫೈಲ್ ನೋಡದೆ ಹೇಳ್ರಿ.”

ಗುರುಬಸವರಾಜ್ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಬೆಂಚಿನಿಂದ ಇನ್ನೊಬ್ಬ ತಾಯಿ ಕಸ್ತೂರಮ್ಮ ಎದ್ದರು. “ನನ್ನ ಮಗಳದ್ದೂ ಹೇಳ್ಲಿ.” ಅವರ ಹಿಂದೆ ಉಳಿದ ತಾಯಂದಿರೂ ಎದ್ದರು.

ನಾಗೇಂದ್ರಪ್ಪ ಪೆನ್ನು ಜೇಬಿಗಿಟ್ಟು ಹೊರಡಲು ನೋಡಿದರು. ಭೀಮಕ್ಕ ಬಾಗಿಲಿಗೆ ಅಡ್ಡ ಕೂತಳು.

“ಪೆನ್ ತೆಗೀರಿ ಸಾಹೇಬ್ರೇ. ನಾವ್ ಹೇಳ್ತೀವಿ, ಬರ್ಕಳ್ರಿ.”